ತೂಕದ ಪುಸ್ತಕ

ಮಸಾಕಾ ಪೇಟೆಯಲ್ಲಿ ಜೋಳದ ತೌಡು
ಕಿಲೋಗೆ ಮತ್ತೆ ಇನ್ನೂರು ಶಿಲ್ಲಿಂಗ್ ಏರಿದ ದಿನ
ನಸ್ಸೂನ ಖಾಲಿ ಚೀಲವನ್ನೇ ಮಡಚಿ ತಂದಳು.
ಹಲಗೆಯ ಸಂದಿಯಲ್ಲಿ ಒಂಬತ್ತು ಮೂತಿ.
ಮೊಲೆ ಬಿಟ್ಟ ಮರಿಗಳು, ಬೆಳೆಯುವ ವಯಸ್ಸು,
ಹಸಿವೆಂದರೆ ಅವಕ್ಕೆ ಕಿವಿಯಿಂದ ಬಾಲದವರೆಗೆ.

ಮಗಳ ಗಣಿತದ ಪುಸ್ತಕದ ಕೊನೆಯ ಹಾಳೆಗೆ
ದೀಪ ಹತ್ತಿರ ಎಳೆದು ಬರೆದಳು:
ಗೆಣಸಿನ ಬಳ್ಳಿ, ನಮ್ಮದೇ.
ಹಲಸಿನ ರಚ್ಚೆ, ಸಂತೆ ಮುಗಿದ ಮೇಲೆ ಬೇಕಾದಷ್ಟು.
ಮರಗೆಣಸಿನ ಸಿಪ್ಪೆ, ಕರಿದು ಮಾರುವ ನಲುಕ್ವಾಗೋ ಬಳಿ.
ಸರೋವರದ ಸಣ್ಣಮೀನಿನ ಪುಡಿ,
ದುಬಾರಿ; ಚಿಟಿಕೆಗಿಂತ ಹೆಚ್ಚು, ಹಿಡಿಗಿಂತ ಕಡಿಮೆ.

ಮೊದಲ ವಾರವೇ ಅವಸರ.
ಕಹಿಗೆಣಸಿನ ಹಸಿ ಸಿಪ್ಪೆ, ಬುಟ್ಟಿಗೆ ಬುಟ್ಟಿ.
ಸಂಜೆಗೆ ನಾಲ್ಕನೆಯದು ಗೋಡೆಗೆ ಒರಗಿ
ಬಾಯಿ ತೆರೆದು ಉಸಿರು ಹುಡುಕಿತು.
ಗುಂಡಿ ತೋಡಲು ಬಂದ ಮುದುಕ ಸ್ಸೆಕಿಟ್ಟೊ
ಗುದ್ದಲಿಗೆ ಹೇಳುವಂತೆ ಹೇಳಿದ:
ಬಿಸಿಲು ತೋರಿಸಬೇಕಿತ್ತು.
ಸಿಪ್ಪೆಯ ನಂಜು ಬಿಸಿಲಿಗೆ ಮಾತ್ರ ಹೆದರುತ್ತದೆ.

ಆಮೇಲೆ ತಗಡಿನ ಮಾಡೆಲ್ಲ ಸಿಪ್ಪೆ.
ಬಳ್ಳಿ ಕೊಚ್ಚಿ, ಬಾಡಿಸಿ, ಉಪ್ಪು ಬೆರೆಸಿ,
ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರ.
ಗಾಳಿ ಉಳಿದರೆ ಬೂಸು, ಗಾಳಿ ಹೋದರೆ ಮೇವು.
ನಾಗುಜ್ಜ ಕಾಲು ತೊಳೆದು ಒಳಗಿಳಿದು
ಏಳರ ಮಗ್ಗಿ ಹೇಳುತ್ತ ತುಳಿದಳು.
ಏಳೆಂಟಲ ಐವತ್ತಾರಕ್ಕೆ ಸೊಂಟದವರೆಗೆ ಹಸಿರು,
ಅಲ್ಲಿಂದ ಮುಂದೆ ಮಗ್ಗಿ ತಪ್ಪಿತು, ತುಳಿತ ತಪ್ಪಲಿಲ್ಲ.

ಮೂವತ್ತನೇ ದಿನ ಬಾಯಿ ಬಿಚ್ಚಿದಾಗ
ಬಾಳೆಹಣ್ಣಿನ ಹೆಂಡದ ಹುಳಿ ವಾಸನೆ.
ಸ್ಸೆಕಿಟ್ಟೊ ಸೋರೆಬುರುಡೆ ಹಿಡಿದೇ ಬಂದ, ಪಾಪ.
ಕತ್ತೆಗೆ ತಿಳಿಯದ ಕಸ್ತೂರಿ
ಹಂದಿಗೆ ತಿಳಿಯಿತು:
ಎಂಟೂ ತೊಟ್ಟಿಯೊಳಗೆ ಮುಂಗಾಲಿಟ್ಟವು.

ಅಂಗಡಿಯ ತೌಡು ತಿಂದವು ಬೇಗ ಕೊಬ್ಬುತ್ತವೆ,
ಇಲ್ಲವೆನ್ನಲು ನಾಲಿಗೆ ಬಾರದು.
ಇವು ನಿಧಾನ.
ಭಾನುವಾರ ದರ್ಜಿಯ ಟೇಪು ಎದೆಗೆ ಸುತ್ತಿ,
ಕಿವಿಯಿಂದ ಬಾಲದ ಬುಡಕ್ಕೆ ಇನ್ನೊಮ್ಮೆ ಹಿಡಿದು,
ಸುತ್ತಳತೆಯನ್ನು ಅದರಿಂದಲೇ ಗುಣಿಸಿ,
ಉದ್ದದಿಂದ ಮತ್ತೆ ಗುಣಿಸಿ,
ಮಗಳು ಕಿಲೋ ಕೂಗುತ್ತಾಳೆ.
ಇಪ್ಪತ್ತೊಂದು. ಇಪ್ಪತ್ತಾರು. ಮೂವತ್ತು ತುಂಬಲು ಒಂದು ಕಮ್ಮಿ.

ಪುಸ್ತಕ ತಿದ್ದಲು ಒಯ್ದ ಮೇಷ್ಟ್ರು
ಕೊನೆಯ ಹಾಳೆಗಳನ್ನೂ ಬಿಡಲಿಲ್ಲ.
ಎಂಟು ಸಾಲಿಗೆ ಕೆಂಪು ಸರಿಗುರುತು.
ನಾಲ್ಕರ ಎದುರು, ಬರೀ ಗೀಟಿದ್ದಲ್ಲಿ,
ಕೇಳಿದ್ದರು: ಉತ್ತರ ಎಲ್ಲಿ?