ಐದು ಮಿಲಿಮೀಟರು

ಕೆಂಚಾರ್ಲಹಳ್ಳಿ ದಾರಿಯಲ್ಲಿ ಕ್ವಾರಿ ಲಾರಿ ಚೆಲ್ಲಿಹೋದ
ಚೂಪು ಜಲ್ಲಿಗೆ, ಹಿಂದಿನ ಬಲಗಾಲಿ
ಪಕ್ಕೆ ಸೀಳಿಸಿಕೊಂಡು ಕೂತಿತು.
ಸ್ಟೆಪ್ನಿ ಏರಿಸಿಕೊಂಡು, ಅದೂ ಒಂದು ಸೈಜು ಚಿಕ್ಕದು,
ಕುಂಟುತ್ತ ಚಿಂತಾಮಣಿ ಸೇರಿದೆ.

‘ಒಂದೇ ಟೈರು ಸಾಕು ಸಾಬ್ರೆ’ ಅಂದೆ.
ದಸ್ತಗೀರ್ ಸಾಬರು ಮಾತಾಡಲಿಲ್ಲ.
ಉಳಿದ ಮೂರನ್ನೂ ಅಂಗೈಯಲ್ಲಿ ಸವರಿದರು,
ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ,
ಗಬ್ಬದ ಹಸುವಿನ ಹೊಟ್ಟೆ ನಾನು ಸವರುವಂತೆ
ಕಣ್ಣು ಬೇರೆಲ್ಲೋ ಇಟ್ಟು.

‘ಮುಂದಿನ ಎಡಗಡೆದು ಒಳ ಅಂಚು ತಿಂದಿದೆ.
ಅಲೈನ್‌ಮೆಂಟು ಮಾಡಿಸಿ ಎಷ್ಟು ದಿನ?’
‘ಯುಗಾದಿಗೆ ಮಾಡಿಸಿದ್ದೆ.’
‘ಯಾವ ಯುಗಾದಿ?’

ಆಮೇಲೆ ಅಳತೆಕಡ್ಡಿ ತಂದರು.
ಐದು. ಐದು. ಒಳಗೆ ನಾಲ್ಕು, ಹೊರಗೆ ಐದೂವರೆ.
ಹೊಸ ಟೈರಿನ ಗೀರಿಗೆ ಇಳಿಸಿದರೆ, ಎಂಟು.

‘ನೋಡಿ ಡಾಕ್ಟ್ರಮ್ಮ,
ಬೇರೆ ಗಾಡಿ ಆಗಿದ್ದರೆ ಹಾಕಿ ಕಳಿಸುತ್ತಿದ್ದೆ.
ಇದು ನಾಲ್ಕೂ ಕಾಲಲ್ಲಿ ದುಡಿಯೋ ಜಾತಿ.
ಸವೆದದ್ದು ಚಿಕ್ಕದು, ಜಾಸ್ತಿ ಸುತ್ತಬೇಕು.
ಹೊಸದು ದೊಡ್ಡದು, ನಿಧಾನಸ್ಥ.
ಹೊಟ್ಟೆ ಕೆಳಗಿನ ಪೆಟ್ಟಿಗೆಗೆ ಅನುಮಾನ:
ಯಾರೋ ಜಾರುತ್ತಿದ್ದಾರೆ, ಹಿಡೀಬೇಕು, ಹಿಡೀಬೇಕು.
ಡಾಂಬರು ಒಣಗಿದೆ, ಯಾರೂ ಜಾರುತ್ತಿಲ್ಲ,
ಆದರೂ ಹಿಡೀತಾನೇ ಇರುತ್ತದೆ.
ಹಿಡಿದು ಹಿಡಿದು ಕಾದು
ಒಂದು ದಿನ ಎಣ್ಣೆಯೆಲ್ಲ ಸುಟ್ಟ ವಾಸನೆ.
ಪೆಟ್ಟಿಗೆಗೆ ಒಂದೂವರೆ ಲಕ್ಷ.
ನಾಲ್ಕೂ ಟೈರಿಗೆ ಮೂವತ್ತೆಂಟು ಸಾವಿರ.’

‘ಹೋಗಿದ್ದು ಒಂದೇ ಅಲ್ವಾ?’ ಅಂದೆ.

ಅಂದ ಮೇಲೆ ಕೇಳಿಸಿತು,
ಅದು ನನ್ನ ದನಿಯಲ್ಲ.
ಹೋದ ಶುಕ್ರವಾರ, ಬಟ್ಲಹಳ್ಳಿಯ ಕೊಟ್ಟಿಗೆಯಲ್ಲಿ
ಸೆರಗಲ್ಲಿ ಕೈ ಒರೆಸುತ್ತ ಮುನಿವೆಂಕಟಮ್ಮ:
‘ಕುಂಟೋದು ಒಂದೇ ಕಾಲಲ್ವಾ ಡಾಕ್ಟ್ರಮ್ಮ,
ನಾಲ್ಕಕ್ಕೂ ಯಾಕೆ ಕತ್ತಿ ಹಾಕ್ತೀಯ?’
ಸಿಮೆಂಟು ನೆಲದ ಮೇಲೆ ನಿಂತು ನಿಂತು
ಹೊರಗಿನ ಗೊರಸು ಬೆಳೆದಿತ್ತು, ಒಳಗಿನದು ತೇದಿತ್ತು,
ಮಂಡಿ ಒಳಕ್ಕೆ ತಿರುಗಿ, ಸೊಂಟ ವಾಲಿ,
ಹಾಲು ಎರಡು ಲೀಟರು ಇಳಿದಿತ್ತು.
ನಾನು ರೇಗಿದ್ದೆ.
‘ಒಂದು ಕಾಲಿನ ಹಸು ಎಲ್ಲಿದೆ ತೋರಿಸು’ ಅಂದಿದ್ದೆ.
ಆಕೆ ತೋರಿಸಲಿಲ್ಲ. ಕೆಚ್ಚಲು ತೊಳೆಯಲು ಹೋದಳು.

ದಸ್ತಗೀರ್ ಸಾಬರು ರೇಗಲಿಲ್ಲ.
ನನ್ನ ಚಪ್ಪಲಿ ನೋಡಿದರು, ಬಲ ಹಿಮ್ಮಡಿ
ಹೊರಗಡೆಗೆ ಇಳಿಜಾರಾಗಿರುವುದನ್ನು, ನೋಡಿ
ನೋಡದವರಂತೆ ಶೆಡ್ಡಿನ ಬಾಗಿಲು ತೆರೆದರು.
ಹಿಂದೆ ರೀಟ್ರೆಡ್ ಕೆಲಸ ಇದ್ದ ಕಾಲದ
ಬಫಿಂಗ್ ಮಷೀನು, ಗೋಣಿಚೀಲ ಹೊದ್ದು ಮಲಗಿತ್ತು.
‘ಮೂರು ಮಿಲಿಮೀಟರು ತೆಗೆದುಬಿಡೋಣ.’
‘ಹೊಸದರಿಂದಲಾ?’
‘ಹಳೇದಕ್ಕೆ ಅಂಟಿಸೋಕಾಗತ್ತಾ?’

ಕೂಗಿತು ಮಷೀನು.
ಕರಿ ಕೂದಲು ಉದುರಿದಂತೆ ರಬ್ಬರು.
ಕಂಪನಿಯ ಹಳದಿ ಗೆರೆ ಮೊದಲು ಹೋಯಿತು,
ಆಮೇಲೆ ಮುಳ್ಳುಮುಳ್ಳು ಮೀಸೆ,
ಆಮೇಲೆ ಆ ಹೊಸತನದ ಜಂಬದ ವಾಸನೆ ಕೂಡ
ಸುಟ್ಟ ವಾಸನೆಯಾಯಿತು.
ದುಡ್ಡು ಕೊಟ್ಟು ಕೊಂಡದ್ದನ್ನು ದುಡ್ಡು ಕೊಟ್ಟು ತೇಯಿಸುತ್ತ
ಸ್ಟೂಲಿನ ಮೇಲೆ ಕೂತಿದ್ದೆ.
ಅರ್ಧ ಗಂಟೆಯಲ್ಲಿ
ಒಂದು ಫರ್ಲಾಂಗೂ ಓಡದ ಟೈರಿಗೆ
ಇಪ್ಪತ್ತೆರಡು ಸಾವಿರ ಕಿಲೋಮೀಟರಿನ ವಯಸ್ಸು.

ಹುಡುಗ ಇಮ್ರೋಜ್ ಪುಡಿ ಗುಡಿಸಿ ಚೀಲಕ್ಕೆ ತುಂಬಿದ.
‘ಏನ್ಮಾಡ್ತೀಯೋ ಅದನ್ನ?’
‘ಇಟ್ಟಿಗೆ ಗೂಡಿನವರು ಒಯ್ತಾರೆ ಮೇಡಂ,’
ಒಂದು ಹಿಡಿ ಮೂಗಿಗೆ ಹಿಡಿದು, ಮುಖ ಕಿವುಚಿದ.

ಅಲೈನ್‌ಮೆಂಟಿಗೂ ನಿಲ್ಲಿಸಿಕೊಂಡರು, ಈ ಸಲ ಕೇಳಲೇ ಇಲ್ಲ.
ಬಿಲ್ಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು:
ಎಂಟು ಸಾವಿರಕ್ಕೊಮ್ಮೆ ಗಾಲಿ ಜಾಗ ಬದಲಿಸುವುದು.
ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ.

ಸಂಜೆ, ಚೇಳೂರು ಸರ್ಕಲ್.
ತಿಂಗಳುಗಟ್ಟಲೆ ಕೇಳಿ ರೂಢಿಯಾಗಿದ್ದ ನರಳಾಟ
ನಿಂತಿದೆ ಎಂದು ಆಗ ಗೊತ್ತಾಯಿತು.
ಮನೆ ಈ ಕಡೆ.
ಇಂಡಿಕೇಟರ್ ಹಾಕಿ ಆ ಕಡೆ ತಿರುಗಿಸಿದೆ, ಬಟ್ಲಹಳ್ಳಿಗೆ.
ಬೈಸಿಕೊಂಡವಳಿಗೆ ಏನು ಹೇಳಬೇಕೆಂದು ಇನ್ನೂ ಹೊಳೆದಿರಲಿಲ್ಲ.
ಸೀಟಿನ ಕೆಳಗೆ ಗೊರಸಿನ ಚಾಕು
ಅತ್ತ ಇತ್ತ ಜಾರುತ್ತಿತ್ತು.