ಸೀಮೆಸುಣ್ಣದ ಗೆರೆ

ದಸರೆಯ ಮರುದಿನ ಹಿತ್ತಿಲ ಫರಸಿಯ ಮೇಲೆ
ಮೊದಲ ಗೆರೆ ಎಳೆದೆ.
ಮೂವತ್ತೊಂದು ವರ್ಷ ಲೇಥಿನ ಮುಂದೆ ನಿಂತವನಿಗೆ
ಅಳೆಯದೆ ಯಾವುದೂ ನಂಬಿಕೆಯಾಗುವುದಿಲ್ಲ.

ದಾಪೋಡಿಯ ಈ ಹಿತ್ತಿಲು
ಹತ್ತೊಂಬತ್ತಡಿ ಉದ್ದ, ಒಂಬತ್ತಡಿ ಅಗಲ.
ತೆಂಕಣಕ್ಕೆ ಹೋದ ವರ್ಷದ ತನಕ ಆಕಾಶವಿತ್ತು.
ಈ ವರ್ಷ ಹನ್ನೆರಡು ಮಾಳಿಗೆ,
ಹಸಿರು ಬಲೆ ಹೊದ್ದು, ಇನ್ನೂ ಕಿಟಕಿ ಬಿಡದೆ.

ಸೂರ್ಯ ತೆಂಕಣಕ್ಕೆ ವಾಲುತ್ತಾನೆಂದು
ಪಂಚಾಂಗದಲ್ಲಿ ಓದಿದ್ದೆ.
ನಮ್ಮ ಬದನೆಗಿಡದ ಲೆಕ್ಕದಲ್ಲಿ ವಾಲುತ್ತಾನೆಂದು
ಅಲ್ಲಿ ಬರೆದಿರಲಿಲ್ಲ.

ಒಂಬತ್ತರ ಭೋಂಗಾ ಕೂಗಿದಾಗ ನೆರಳಿನ ತುದಿ
ಬದನೆಯ ಬುಡದಲ್ಲಿತ್ತು.
ಮುಂದಿನ ರವಿವಾರ ಒಂದು ಗೇಣು ಈಚೆ.
ಸ್ವಾತಿ ಮಳೆ ನಾಲ್ಕು ಹನಿ ಉದುರಿಸಿ ಗೆರೆ ಅಳಿಸಿತು;
ಮತ್ತೆ ಎಳೆದೆ.
ಕಾಶವ್ವ ಗುಡಿಸುತ್ತ ಗುಡಿಸುತ್ತ ಗೆರೆಯ ಹತ್ತಿರ ನಿಂತು
“ಇದೇನು ಕುಂಟಾಬಿಲ್ಲೆನ?” ಅಂದಳು.

ಅಷ್ಟರಲ್ಲಿ ಪಾರಿಜಾತ ಕೈ ಬಿಗಿ ಮಾಡಿತ್ತು.
ಬೊಗಸೆ ತುಂಬುತ್ತಿದ್ದದ್ದು
ಅಂಗೈ ತುಂಬಲಿಲ್ಲ.
ಚೆಂಡುಹೂವಿನ ಗಿಡಗಳು ಹಬ್ಬ ಮುಗಿಸಿದ ಅಳಿಯಂದಿರ ಹಾಗೆ
ಮೂಲೆಯಲ್ಲಿ ಒರಗಿದ್ದವು.
ತುಳಸಿಯ ತೆನೆ ಕಂದಿತು,
ಮುಟ್ಟಿದರೆ ಎಳ್ಳಿಗಿಂತ ಸಣ್ಣ ಕಾಳು.
ಹೀರೆಯ ಎಲೆಗೆ ಬೂದಿ ಬಿದ್ದಿತ್ತು.

ಆ ಹೀರೆ ಹುಕ್ಕೇರಿಯದು.
ಅವಳ ಅವ್ವನ ಸೆರಗಿನ ಗಂಟಿನಲ್ಲಿ ಬಂದದ್ದು;
ಇಪ್ಪತ್ತೆಂಟು ಕಾರ್ತಿಕದಿಂದ
ಒಂದು ಕಾಯಿಗೆ ಕೆಂಪು ದಾರ, ಅದು ಬೀಜಕ್ಕೆ.
ದಾರ ಕಂಡರೆ ಇಣಚಿಯೂ ದೂರ, ಅನ್ನುತ್ತಿದ್ದಳು.
ಈ ಸಲ ದಾರ ಬಿಸಿಲಿಗೆ ಬಿಳಚಿ
ಬಳ್ಳಿಯ ಕುಡಿಯ ಬಣ್ಣಕ್ಕೆ ತಿರುಗಿತ್ತೋ ಏನೋ.
ಬಳ್ಳಿಯೂ ಗೋಡೆ ಹತ್ತಿ ಬಿಸಿಲಿದ್ದ ಕಡೆ,
ಪಡವಳಬಾಯಿಯ ಅಂಗಳಕ್ಕೆ ಇಳಿದಿತ್ತು.
(ಹೌದು, ಅವರ ಅಡ್ಡಹೆಸರೇ ಅದು;
ಬಳ್ಳಿಗೆ ಸಂಬಂಧಿಕರು ಅನಿಸಿರಬೇಕು.)

ತುಳಸಿ ಲಗ್ನದ ಸಂಜೆ ಗೋಡೆಯ ಮೇಲಿಂದ
ಒಂದು ಡಬ್ಬಿ ಬಂತು:
ಹೀರೇಕಾಯಿ ಪಲ್ಯ, ಶೇಂಗಾಪುಡಿ ಹಾಕಿದ್ದು.
“ಥೋಡಿ ಜೂನ್ ಹೋತೀ, ಪಣ ಗೋಡ್” ಎಂದರು ಬಾಯಿ,
ಸ್ವಲ್ಪ ಬಲಿತಿತ್ತು, ಆದರೆ ಸಿಹಿ.
ಕಾಶವ್ವ ಒಂದು ತುತ್ತು ತಿಂದಳು.
ಇನ್ನೊಂದು ತುತ್ತು ನಿಧಾನ ಅಗಿದಳು.
ಬೆರಳಿನಲ್ಲಿ ಬಿಳಿ ನೂಲೊಂದನ್ನು ಹೊರತೆಗೆದು
ತಟ್ಟೆಯ ಅಂಚಿಗಿಟ್ಟಳು.
ಬರಿದು ಕಳಿಸಬಾರದೆಂದು
ಡಬ್ಬಿ ತೊಳೆದು ಬೆಲ್ಲ ತುಂಬಿ ಕೊಟ್ಟಳು.
ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ:
“ದಾರ ಹೊಸದು ಕಟ್ಟಬೇಕಾಗಿತ್ತು.”

ನನ್ನ ಹತ್ತಿರ ಅದಕ್ಕೆ ಅಳತೆಯಿರಲಿಲ್ಲ.

ಚಳಿ ಮುಳಾ ನದಿಯ ಕಡೆಯಿಂದ ಬಂತು,
ಮೊದಲು ಕೊಳಾಯಿಗೆ, ಆಮೇಲೆ ಮಂಡಿಗೆ.
ಬದನೆ ಹೂ ಉದುರಿಸಿತು.
ನೆರಳಿಗೆ ಹೊಂದಿಕೊಂಡದ್ದು ಪುದಿನ, ಮತ್ತು
ಯಾರೂ ಹಾಕದ ಎರಡು ಕೆಸು.
ಸೇವಂತಿಗೆಯ ಕುಂಡಗಳನ್ನು ದಿನಕ್ಕೊಂದು ಫರಸಿಯಂತೆ
ನಾನೇ ಸರಿಸಿದೆ, ಮೊಗ್ಗು ಹಿಡಿದ ಬಸುರಿಯರನ್ನು
ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸುವ ಹಾಗೆ.

ಮಾರ್ಗಶಿರದ ಮೊದಲ ಸೋಮವಾರ
ಒಣಗಿದ ಹೀರೆಬಳ್ಳಿ ಎಳೆದೆವು.
ನೀರಿನ ಪೈಪಿನ ಹಿಂದೆ, ಸೊಟ್ಟಗೆ,
ಕುಡಗೋಲಿನಂಥ ಒಂದು ಕಾಯಿ,
ಯಾರ ಕಣ್ಣಿಗೂ ಬೀಳದೆ ಒಣಗಿತ್ತು.
ಕಿವಿಯ ಹತ್ತಿರ ಅಲುಗಿಸಿದಳು.
ಸದ್ದು ಬಂತು, ಸಣ್ಣದು.
ಒಡೆದರೆ ಎಲ್ಲ ಬಿಳಿ ಜೊಳ್ಳು.
ಮೂರು ಕಪ್ಪು.
ನೀರಿಗೆ ಹಾಕಿ ನೋಡಿದಳು: ಎರಡು ಮುಳುಗಿದವು.
ತೇಲಿದ್ದನ್ನೂ ಎಸೆಯಲಿಲ್ಲ.

ಅಲ್ಲಿ ಮೆಂತ್ಯ ಚೆಲ್ಲಿದ್ದೇವೆ.
ನಿನ್ನೆಯ ಗೆರೆಯಿಂದ ಹೊಸ್ತಿಲಿಗೆ
ಇನ್ನು ಒಂದೂವರೆ ಗೇಣು.
ಉತ್ತರಾಯಣಕ್ಕೆ ಎಷ್ಟು ದಿನವೆಂದು ಎಣಿಸುತ್ತ
ಬೆರಳುಗಳ ಮೇಲೆ ಕೂತಿದ್ದೆ.
“ಒಳಗ ಬಂದರ ಬರಲಿ ಬಿಡ್ರಿ,
ಒಂದು ಕಪ್ ಚಾ ಕೊಟ್ಟು ಕಳಸೂಣು,” ಅಂದಳು ಕಾಶವ್ವ,
ನನ್ನ ಗೆರೆಯನ್ನು ಬಿಟ್ಟು
ಅದರ ಎರಡೂ ಬದಿ ಗುಡಿಸುತ್ತ.