ಬೆಂದೆ

ಲಿಂಗರಾಜಪುರದ ಈ ಓಣಿಯಲ್ಲಿ
ಎರಡು ಮನೆಗೆ ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು.
ಅತ್ತ ರುಫೈದಾ ಪರೀಕ್ಷೆಗೆ ಓದುತ್ತ ಟರ್ಕಿಯ ಹಾಡು ಹಾಕುತ್ತಾಳೆ,
ಇತ್ತ ನಾನು ಸೀರೆಗೆ ಫಾಲ್ ಹೊಲಿಯುತ್ತೇನೆ.
ಒಗ್ಗರಣೆಯ ಘಾಟಿನ ಹಾಗೆ ಹಾಡು ಬರುತ್ತದೆ,
ಅಪ್ಪಣೆ ಕೇಳುವುದಿಲ್ಲ.

ಯಾವ ಹಾಡಾದರೂ ಅಷ್ಟೆ. ಒಬ್ಬ ಗಂಡಸು, ಗಂಟಲಲ್ಲಿ ಮರಳು,
ಎಲ್ಲೋ ಒಂದು ಕಡೆ ನಿಂತು, ಬೆಂದೆ, ಅನ್ನುತ್ತಾನೆ.
ಬೆಂದೇ... ಎಂದು ಎಳೆಯುತ್ತಾನೆ.
ಆರು ತಿಂಗಳು ಅದನ್ನು ಕನ್ನಡವೆಂದೇ ತಿಳಿದಿದ್ದೆ.
ಬೇಯುವುದಕ್ಕೆ ಭಾಷೆ ಯಾವುದಾದರೇನು,
ಊರೇ ಬೆಂದ ಕಾಳಿನ ಹೆಸರು ಹೊತ್ತಿದೆ.

ನಿನ್ನೆ ಕುರ್ತಾ ಅಳತೆಗೆ ಬಂದವಳನ್ನು ಕೇಳಿದೆ.
ನಕ್ಕಳು. ತೋಳು ಮೇಲೆತ್ತಿಕೊಂಡೇ ಹೇಳಿದಳು:
ಅಯ್ಯೋ ಆಂಟಿ, ಬೆಂದೆ ಅಂದರೆ 'ನನ್ನಲ್ಲಿ'.
ತಪ್ಪೆಲ್ಲ ನನ್ನಲ್ಲಿ, ಅವಳದ್ದೇನೂ ಇಲ್ಲ, ಅಂತ ಅಳ್ತಾನೆ.
ಬಿಟ್ಟು ಹೋದೋಳು ಯಾರು?
ಅವಳೇ.
ಮತ್ತೆ?
ಮತ್ತೇನು, ಅವಳ ಹೊಸಿಲಿಗೆ ಮಣ್ಣಾಗ್ತೀನಿ ಅಂತಾನೆ.

ಟೇಪು ಕೈಯಲ್ಲೇ ಉಳಿಯಿತು.
ಮೂವತ್ತೆರಡೋ ಮೂವತ್ನಾಲ್ಕೋ, ಮತ್ತೆ ಅಳೆದೆ.

ದಯಾಕರ ಮನೆಯ ಕೀಯನ್ನು
ನಂದಿನಿ ಬೂತಿನವನ ಹತ್ತಿರ ಕೊಟ್ಟು ಹೋಗಿದ್ದ.
ಅರ್ಧ ಲೀಟರ್ ಹಾಲು, ಅದರ ಮೇಲೆ ಕೀ,
ಚಿಲ್ಲರೆ ಕೊಟ್ಟ ಹಾಗೆ ಕೊಟ್ಟ ಬೂತಿನವ.
ಅವತ್ತು ಕೂತು ಲೆಕ್ಕ ಹಾಕಿದೆ:
ಅವನ ಅಂಗಿಗೆ ಗುಂಡಿ ಹಾಕಲು ಎರಡು ದಿನ ತಡ ಮಾಡಿದ್ದು.
ಮಷೀನಿನ ಸದ್ದು. ಅವನ ಅಕ್ಕನ ಎದುರು ಜೋರಾಗಿ ನಕ್ಕಿದ್ದು.
ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳಿದ್ದು, ದಿನಾ ಕೇಳಿದ್ದು.
ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಹುಡುಕಬೇಕಿಲ್ಲ,
ಕಾಲಿಗೇ ಸಿಗುತ್ತವೆ.

ಅದರಲ್ಲೊಂದು ಸುಖವಿತ್ತು. ಯಾರಿಗೂ ಹೇಳಿಲ್ಲ.
ತಪ್ಪೆಲ್ಲ ನನ್ನದಾದರೆ
ಅವನು ಒಳ್ಳೆಯವನಾಗಿಯೇ ಉಳಿಯುತ್ತಿದ್ದ,
ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ, ನನ್ನ ಬೀರುವಿನಲ್ಲೇ.
ಅವನು ಬಿಟ್ಟು ಹೋದ ಆಸ್ತಿ ಅದೊಂದೇ.
ಅದರಲ್ಲಿ ಅವನಿಗೇ ಪಾಲು ಕೊಡುತ್ತೇನೆಯೇ?

ರಾತ್ರಿ ಹನ್ನೊಂದು. ಬಾಣಸವಾಡಿ ಕಡೆಯ ರೈಲು ಕೂಗಿತು.
ಗೋಡೆಯಾಚೆ ಅವನು ಮತ್ತೆ ಶುರು ಮಾಡಿದ.
ಎದ್ದು ಗೋಡೆ ತಟ್ಟಬೇಕು ಅಂದುಕೊಂಡೆ,
ಸಾಕು ಬಿಡಪ್ಪ, ಅವಳದ್ದೂ ಸ್ವಲ್ಪ ಇರಬಹುದು,
ಅರ್ಧ ಬೇಡ, ಕಾಲು ಭಾಗವಾದರೂ, ಎನ್ನಬೇಕು ಅಂದುಕೊಂಡೆ.

ತಟ್ಟಲಿಲ್ಲ. ದಾರ ಮುಗಿದಿತ್ತು.
ಬಾಬಿನ್ ಬದಲಿಸುವಷ್ಟು ಹೊತ್ತು ಮಷೀನು ನಿಂತಾಗ
ಸಾಲು ಪೂರ್ತಿ ಕೇಳಿಸಿತು.
ಅರ್ಥ ಗೊತ್ತಾದ ಮೇಲೂ
ನನ್ನ ಕಿವಿಗೆ ಅದು ಕನ್ನಡವೇ.